ಅಳತೆ ಸಾಕಾ? ಗಂಡಸರು ಮೆಡಿಕಲ್ ಶಾಪಿನಲ್ಲಿ ಮೆಲ್ಲಗೆ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ನಂದೊಂದು ಮೆಡಿಕಲ್ ಶಾಪ್ ಇದೆ. ಫಾರ್ಮಸಿ ಓದಿದವನು, ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶಿಶ್ನದ ಅಳತೆಯ ವಿಷಯ ಕೇಳಲು ಬರುವವರೆಲ್ಲ ಹೆಚ್ಚೂಕಮ್ಮಿ ಒಂದೇ ಥರ ಬರುತ್ತಾರೆ. ಬೇರೆ ಗಿರಾಕಿ ಇದ್ದರೆ ಟೂತ್‌ಪೇಸ್ಟ್ ಇಟ್ಟಿರುವ ಕಡೆ ನೋಡುತ್ತಾ ನಿಲ್ಲುತ್ತಾರೆ, ಒಂದು ಪೇಸ್ಟಿನ ಡಬ್ಬಿ ತೆಗೆದು ರೇಟು ಓದಿ ವಾಪಸ್ ಇಡುತ್ತಾರೆ, ಅಂಗಡಿ ಖಾಲಿಯಾದ ಮೇಲೆ ಮೊಬೈಲ್ ತೆಗೆದು ಯಾವುದೋ ಎಣ್ಣೆಯ ಇಲ್ಲಾ ಕ್ಯಾಪ್ಸೂಲಿನ ಫೋಟೋ ತೋರಿಸಿ "ಅಣ್ಣ, ಇದು ಐತಾ?" ಅನ್ನುತ್ತಾರೆ. ಬಾಯಿಬಿಟ್ಟು ಹೆಸರು ಹೇಳುವುದಿಲ್ಲ. ಯಾತಕ್ಕೆ ಬೇಕು ಅಂತ ಕೇಳಿದರೆ "ಫ್ರೆಂಡಿಗೆ".

ಆ ಫ್ರೆಂಡುಗಳಿಗೆಲ್ಲ ಒಂದೇ ಸಲ ಹೇಳಿಬಿಡೋಣ ಅಂತ ಇಲ್ಲಿ ಬರೆದಿದ್ದೇನೆ. ನಾಚಿಕೆ ಬೇಡ, ಸಲೀಸಾಗಿ ಓದಿ.

ನೇರವಾಗಿ ಹೇಳಿ, ಸರಾಸರಿ ಎಷ್ಟು?

ನಿಮಿರಿದಾಗ ಉದ್ದ ಸುಮಾರು 13 ಸೆಂಟಿಮೀಟರ್, ಅಂದರೆ ಐದು ಇಂಚು ಮತ್ತು ಒಂಚೂರು. ಲಂಡನ್ನಿನ ಸಂಶೋಧಕರು 2015ರಲ್ಲಿ ಬೇರೆ ಬೇರೆ ದೇಶಗಳ 15,521 ಗಂಡಸರ ಅಳತೆಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದರು. ಅವರು ತೆಗೆದುಕೊಂಡಿದ್ದು ವೈದ್ಯರು ಅಥವಾ ಆರೋಗ್ಯ ಸಿಬ್ಬಂದಿ ತಾವೇ ಅಳೆದ ಲೆಕ್ಕಗಳನ್ನು ಮಾತ್ರ, ಜನ ಬಾಯಲ್ಲಿ ಹೇಳಿದ್ದನ್ನಲ್ಲ. ನಿಮಿರಿದಾಗ ಉದ್ದ 13.12 ಸೆಂ.ಮೀ., ಸುತ್ತಳತೆ 11.66 ಸೆಂ.ಮೀ. ಬಂತು. ಸುಮ್ನೆ ಇದ್ದಾಗ ಉದ್ದ 9.16 ಸೆಂ.ಮೀ.

ಈ 13 ಅನ್ನುವುದು ಪಾಸ್ ಮಾರ್ಕು ಅಲ್ಲ. ಸರಾಸರಿ ಅಂದ ಮೇಲೆ ಹೆಚ್ಚೂಕಮ್ಮಿ ಅರ್ಧ ಜನ ಅದಕ್ಕಿಂತ ಕೆಳಗೇ ಇರುತ್ತಾರೆ, ಅವರಿಗೆ ಯಾವ ಕಾಯಿಲೆಯೂ ಇಲ್ಲ. ನೂರು ಜನರಲ್ಲಿ ಸುಮಾರು ತೊಂಬತ್ತು ಜನ 10ರಿಂದ 16 ಸೆಂ.ಮೀ. ಒಳಗೇ ಬರುತ್ತಾರೆ. ಎಂಟು ಇಂಚು, ಒಂಬತ್ತು ಇಂಚು ಅಂತ ಹರಟೆ ಹೊಡೆಯುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲಾ ಟೇಪು ಎಲ್ಲಿಂದ ಹಿಡಿದರೋ ದೇವರೇ ಬಲ್ಲ.

ಇಂಡಿಯನ್ನರದು ಚಿಕ್ಕದಂತೆ, ಹೌದಾ?

ಕೇರಳದಲ್ಲಿ 301 ಗಂಡಸರನ್ನು ಅಳೆದು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ 93 ಜನರನ್ನು ನಿಮಿರಿದ ಸ್ಥಿತಿಯಲ್ಲೂ ಅಳೆದಿದ್ದರು. ಸರಾಸರಿ 13.01 ಸೆಂ.ಮೀ. ಬಂತು. ಮೇಲಿನ 13.12ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸುಮಾರು ಒಂದು ಮಿಲಿಮೀಟರ್. ಸುತ್ತಳತೆಯೂ ಹಾಗೇ, ಸುಮಾರು 11.5 ಸೆಂ.ಮೀ.

ಇಂಟರ್ನೆಟ್ಟಿನಲ್ಲಿ ದೇಶದೇಶಗಳ ರ‍್ಯಾಂಕ್ ಪಟ್ಟಿ ಓಡಾಡುತ್ತಿರುತ್ತದೆ, ಬಣ್ಣಬಣ್ಣದ ಭೂಪಟ ಹಾಕಿ. ಅದರಲ್ಲಿ ಒಂದು ದೇಶದ ಲೆಕ್ಕ ಆಸ್ಪತ್ರೆಯದು, ಇನ್ನೊಂದು ದೇಶದ್ದು ಜನ ತಾವೇ ಬರೆದು ಕಳಿಸಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಅರ್ಥ? ಗಂಡಸರು ತಾವೇ ಅಳೆದುಕೊಂಡು ಹೇಳಿದ ಕಡೆಯೆಲ್ಲ ಸರಾಸರಿ ಮೇಲಕ್ಕೆ ಹೋಗಿರುತ್ತದೆ. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಸರಿಯಾಗಿ ಅಳೆಯೋದು ಹೇಗೆ?

ಪೂರ್ತಿ ನಿಮಿರಿದಾಗ, ನಿಂತುಕೊಂಡು, ಮೇಲ್ಭಾಗದಿಂದ. ಒಂದು ಗಟ್ಟಿ ಸ್ಕೇಲು ತಗೊಂಡು ಶಿಶ್ನದ ಬುಡದಲ್ಲಿ ಹೊಟ್ಟೆಯ ಕಡೆಗೆ ಇರುವ ಮೂಳೆಗೆ ತಾಗುವ ತನಕ ಮೆತ್ತಗೆ ಒತ್ತಿ, ಅಲ್ಲಿಂದ ತುದಿಯವರೆಗೆ ನೋಡಿ. ಮುಂದೊಗಲು ತುದಿಯಿಂದಾಚೆ ಉದ್ದಕ್ಕಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕೆಳಗಡೆಯಿಂದ, ಬೀಜದ ಕಡೆಯಿಂದ ಅಳೆದರೆ ಲೆಕ್ಕ ತಪ್ಪು. ಸುತ್ತಳತೆಗೆ ಟೈಲರ್ ಟೇಪು ಸಾಕು, ನಡುಭಾಗದಲ್ಲಿ ಬಿಗಿಯದೆ ಸುತ್ತಿ.

ಮೂಳೆಗೆ ಒತ್ತುವುದು ಯಾಕೆ ಅಂದರೆ ಅಲ್ಲಿ ಕೊಬ್ಬಿನ ಒಂದು ಪದರ ಇರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ದಪ್ಪ. ಒತ್ತದೆ ಅಳೆದರೆ ಆ ಕೊಬ್ಬಿನೊಳಗೆ ಮುಚ್ಚಿಹೋದ ಭಾಗ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಸಲ ಅಳೆದು ಸ್ಕೇಲನ್ನು ಎತ್ತಿಡಿ. ವಾರಕ್ಕೆರಡು ಸಲ ಅಳೆಯುವ ಚಟ ಹತ್ತಿದವರನ್ನು ನಾನು ನೋಡಿದ್ದೇನೆ. ಅವರಿಗೆ ಬೇಕಾಗಿರುವುದು ಸ್ಕೇಲಲ್ಲ, ಆ ಮಾತು ಕೆಳಗೆ ಬರುತ್ತದೆ.

ಸುಮ್ನೆ ಇದ್ದಾಗ ತೀರಾ ಚಿಕ್ಕದಾಗಿ ಕಾಣುತ್ತೆ. ಹೆಬ್ಬೆರಳಷ್ಟೂ ಇರಲ್ಲ.

ಮಂಡಕ್ಕಿ ಭಟ್ಟಿಗೆ ಹಾಕುವ ಮೊದಲು ಅಕ್ಕಿ ನೋಡಿ ಮಂಡಕ್ಕಿ ಎಷ್ಟು ಉಬ್ಬುತ್ತದೆ ಅಂತ ಹೇಳಲು ಆಗುತ್ತಾ? ಇದೂ ಹಾಗೇ. ಸುಮ್ನೆ ಇದ್ದಾಗಿನ ಅಳತೆಯಿಂದ ನಿಮಿರಿದಾಗಿನದನ್ನು ಊಹಿಸಲು ಬರುವುದಿಲ್ಲ. ಕೆಲವರದು ಸುಮ್ನೆ ಇದ್ದಾಗಲೇ ಉದ್ದ ಕಾಣುತ್ತದೆ, ನಿಮಿರಿದರೆ ಸ್ವಲ್ಪವೇ ಹೆಚ್ಚುತ್ತದೆ. ಕೆಲವರದು ಮುದುಡಿಕೊಂಡಿರುತ್ತದೆ, ನಿಮಿರಿದರೆ ಎರಡು ಪಟ್ಟು ಆಗುತ್ತದೆ. ಕೊನೆಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತಾರೆ.

ಜನವರಿಯಲ್ಲಿ ಬೆಳಗ್ಗೆ ಎದ್ದು ತಣ್ಣೀರು ಸುರಿದುಕೊಂಡಾಗ, ಹೆದರಿಕೆಯಾದಾಗ, ಓಡಿ ಬಂದಾಗ ಇನ್ನೂ ಮುದುಡುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಸಡಿಲವಾಗುತ್ತದೆ. ಅದು ಆ ಹೊತ್ತಿನ ರಕ್ತದ ಓಡಾಟ, ಅಷ್ಟೇ.

ಇಟಲಿಯಲ್ಲಿ ಉದ್ದ ಮಾಡಿಸಿಕೊಳ್ಳಬೇಕು ಅಂತ ಬಂದಿದ್ದ 67 ಜನರನ್ನು ಪರೀಕ್ಷೆ ಮಾಡಿ 2002ರಲ್ಲಿ ವರದಿ ಬರೆದರು. ಅಳೆದು ನೋಡಿದರೆ ಒಬ್ಬರದೂ ನಿಜವಾಗಿ ಚಿಕ್ಕದಾಗಿರಲಿಲ್ಲ! ಮೂರರಲ್ಲಿ ಎರಡು ಪಾಲು ಜನರ ದೂರು ಸುಮ್ನೆ ಇದ್ದಾಗಿನ ಅಳತೆಯ ಬಗ್ಗೆ ಮಾತ್ರ. ಹೆಚ್ಚಿನವರಿಗೆ ಈ ಚಿಂತೆ ಶುರುವಾಗಿದ್ದು ಚಿಕ್ಕ ವಯಸ್ಸಿನಲ್ಲಿ, ಜೊತೆಯವರ ಜೊತೆ ಹೋಲಿಸಿಕೊಂಡು. ಉಳಿದವರಿಗೆ ಹರೆಯದಲ್ಲಿ ಅಂಥ ಚಿತ್ರಗಳನ್ನು ನೋಡಿ.

ಹಾಸ್ಟೆಲ್ ರೂಮ್‌ಮೇಟ್‌ದು ನೋಡಿದೀನಿ, ನಂದಕ್ಕಿಂತ ದೊಡ್ಡದು. ವಿಡಿಯೋದಲ್ಲಂತೂ ಕೇಳಲೇಬೇಡಿ.

ಕಾಲೇಜು ಹುಡುಗರು ಜಾಸ್ತಿ ಇರುವ ಊರು ನಮ್ಮದು, ಈ ಪ್ರಶ್ನೆ ಹಾಸ್ಟೆಲಿನಿಂದಲೇ ಬರುತ್ತದೆ. ರೂಮ್‌ಮೇಟ್‌ದನ್ನು ನೀವು ನೋಡಿದ್ದು ಎದುರಿನಿಂದ ಅಥವಾ ಪಕ್ಕದಿಂದ. ನಿಮ್ಮದನ್ನು ನೋಡಿಕೊಳ್ಳುವುದು ಮೇಲಿನಿಂದ, ತಲೆ ಬಗ್ಗಿಸಿ. ಮೇಲಿನಿಂದ ನೋಡಿದರೆ ಯಾವ ವಸ್ತುವಾದರೂ ಗಿಡ್ಡವಾಗಿಯೇ ಕಾಣುತ್ತದೆ. ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿಕೊಳ್ಳಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ವಿಡಿಯೋದಲ್ಲಿ ಇರುವವರನ್ನು ಆರಿಸುವುದೇ ಆ ಅಳತೆ ನೋಡಿ. ಮೇಲೆ ಕ್ಯಾಮೆರಾವನ್ನು ಕೆಳಗಿನಿಂದ, ಹತ್ತಿರದಿಂದ ಹಿಡಿಯುತ್ತಾರೆ, ಕೂದಲು ಬೋಳಿಸಿರುತ್ತಾರೆ, ಎಷ್ಟೋ ಜನ ಮಾತ್ರೆಯೋ ಇಂಜೆಕ್ಷನ್ನೋ ತಗೊಂಡಿರುತ್ತಾರೆ, ಮೂರು ದಿನ ಶೂಟ್ ಮಾಡಿದ್ದನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸಿ ಜೋಡಿಸಿರುತ್ತಾರೆ. ಅದನ್ನು ನೋಡಿ ತಾನು ಕಮ್ಮಿ ಅಂದುಕೊಳ್ಳುವ ಹುಡುಗ ಗರಡಿ ಮನೆಯ ಪೈಲ್ವಾನರನ್ನು ನೋಡಿ ತನ್ನ ತೋಳಿಗೆ ಏನೋ ಕಾಯಿಲೆ ಬಂದಿದೆ ಅಂತ ಡಾಕ್ಟರ್ ಹತ್ತಿರ ಓಡುವುದಿಲ್ಲ, ಅಲ್ವಾ?

ಹಸ್ತಮೈಥುನ ಮಾಡಿ ಮಾಡಿ ಸಣ್ಣಗಾಗಿದೆ. ನರ ವೀಕ್ ಆಗಿದೆ ಅಂತಾರೆ.

ಆಗಿಲ್ಲ. ಹಸ್ತಮೈಥುನದಿಂದ ಶಿಶ್ನ ಸಣ್ಣದಾಗುವುದಿಲ್ಲ, ತೆಳ್ಳಗಾಗುವುದಿಲ್ಲ, ನರ ಸೋಲುವುದಿಲ್ಲ, ಮುಂದೆ ಮಕ್ಕಳಾಗಲು ತೊಂದರೆಯೂ ಇಲ್ಲ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಅನ್ನುವ ಮಾತನ್ನು ಅಜ್ಜಂದಿರ ಕಾಲದಿಂದ ಕೇಳಿಕೊಂಡು ಬಂದಿದ್ದೇವೆ. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ಅದರಲ್ಲಿ ಹೆಚ್ಚಿನ ಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯ ದ್ರವ, ದೇಹ ಅದನ್ನು ತಯಾರಿಸುತ್ತಲೇ ಇರುತ್ತದೆ.

ಮೂತ್ರದಲ್ಲಿ ಧಾತು ಹೋಗುತ್ತದೆ, ಅದರಿಂದ ಸುಸ್ತು, ಅದರಿಂದ ಸಣ್ಣಗಾಯಿತು ಅಂತ ಬರುವವರು ನಮ್ಮ ದೇಶದಲ್ಲಿ ಎಷ್ಟು ಜನ ಅಂದರೆ ಡಾ. ಎನ್.ಎನ್. ವಿಗ್ ಅನ್ನುವ ಮನೋವೈದ್ಯರು 1960ರಲ್ಲೇ ಇದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಸುಸ್ತು ನಿಜ, ನಿದ್ದೆ ಬರದಿರುವುದೂ ನಿಜ. ಕಾರಣ ಮಾತ್ರ ವೀರ್ಯ ಅಲ್ಲ, ಎದೆಯೊಳಗೆ ಕೂತ ಹೆದರಿಕೆ. ಅದಕ್ಕೆ ಒಳ್ಳೆ ಚಿಕಿತ್ಸೆ ಇದೆ, ಧಾತುಪುಷ್ಟಿ ಲೇಹ್ಯದಲ್ಲಿ ಅಲ್ಲ. ಮೂತ್ರ ಮಾಡುವಾಗ ಉರಿ, ಕೀವು, ಹುಣ್ಣು ಇದ್ದರೆ ಆ ಕಥೆ ಬೇರೆ. ಸೋಂಕು ಇರಬಹುದು, ಪರೀಕ್ಷೆ ಮಾಡಿಸಿ.

ನನಗೆ 22. ಇನ್ನೂ ಬೆಳೆಯುತ್ತಾ?

ಇಲ್ಲ. ಹರೆಯದ ಬೆಳವಣಿಗೆ ಮುಗಿದ ಮೇಲೆ ಇದೂ ನಿಲ್ಲುತ್ತದೆ. ಸಾಮಾನ್ಯವಾಗಿ 18ರ ಹೊತ್ತಿಗೆ, ಕೆಲವರಿಗೆ ಒಂದೆರಡು ವರ್ಷ ತಡ. ಗಡ್ಡ ಮೀಸೆ ಬಂದಿಲ್ಲ, ಧ್ವನಿ ಒಡೆದಿಲ್ಲ, ಬೀಜವೂ ತೀರಾ ಚಿಕ್ಕದು ಅಂತಿದ್ದರೆ ಹಾರ್ಮೋನ್ ಪರೀಕ್ಷೆ ಮಾಡಿಸಲೇಬೇಕು, ತಡ ಮಾಡಬೇಡಿ.

ಹಾಗೇ ಇನ್ನೊಂದು ಮಾತು. ಜಿಮ್ಮಿಗೆ ಹೋಗುವ ಹುಡುಗರು ಬಾಡಿ ಬೆಳೆಸಲು ಅಂತ ಸ್ಟೆರಾಯ್ಡ್ ಇಂಜೆಕ್ಷನ್ ಕೇಳುತ್ತಾರೆ, ಅದರಿಂದ ಗಂಡಸುತನ ಜಾಸ್ತಿಯಾಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಆ ಇಂಜೆಕ್ಷನ್ನಿನಲ್ಲಿರುವುದು ಗಂಡಸಿನ ಹಾರ್ಮೋನ್. ಹೊರಗಿನಿಂದ ಅದು ಬಂತು ಅಂದರೆ ದೇಹ ತನ್ನದನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ಬೀಜ ಸಣ್ಣದಾಗುತ್ತದೆ, ವೀರ್ಯಾಣು ಕುಸಿಯುತ್ತದೆ. ತೋಳು ದಪ್ಪ ಆಗಬಹುದು, ಅಷ್ಟೇ.

ಹೆಂಡತಿಗೆ ಸಾಕಾಗುತ್ತಾ? ಬಾಯಿಬಿಟ್ಟು ಹೇಳಲ್ಲ, ಮನಸ್ಸಿನಲ್ಲಿ ಏನಿದೆಯೋ.

ಕೊನೆಗೆ ಎಲ್ಲ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ.

ಮೊದಲು ದೇಹದ ಲೆಕ್ಕ. ಯೋನಿಯ ಆಳ ಸಾಮಾನ್ಯ ಹೊತ್ತಿನಲ್ಲಿ 7–8 ಸೆಂ.ಮೀ. ಆಸುಪಾಸು. ಆಸೆ ಬಂದಾಗ ಹಿಗ್ಗಿ 10–12 ಆಗುತ್ತದೆ. ಸ್ಪರ್ಶ ಚೆನ್ನಾಗಿ ಗೊತ್ತಾಗುವುದು ಹೊರಗಿನ ಮೂರನೇ ಒಂದು ಭಾಗದಲ್ಲಿ. ಅದಕ್ಕಿಂತ ಮುಖ್ಯವಾದದ್ದು ಚಂದ್ರನಾಡಿ (ಕ್ಲಿಟೋರಿಸ್), ಅದು ಇರುವುದು ಒಳಗಲ್ಲ, ಹೊರಗೆ, ಮೇಲ್ಭಾಗದಲ್ಲಿ. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಬರೀ ಸಂಭೋಗದಿಂದಲೇ ಸುಖದ ತುದಿ ಮುಟ್ಟುತ್ತೇವೆ ಅಂದವರು ನೂರಕ್ಕೆ 18ರಷ್ಟು ಮಾತ್ರ. ಅದರ ಎರಡು ಪಟ್ಟು ಹೆಂಗಸರು ಚಂದ್ರನಾಡಿಯ ಸ್ಪರ್ಶ ಇಲ್ಲದೆ ಆಗುವುದೇ ಇಲ್ಲ ಅಂದರು. ಅಲ್ಲಿಗೆ ತಲುಪಲು ಬೆರಳು ಸಾಕು, ಉದ್ದದ ಮಾತೇ ಬರುವುದಿಲ್ಲ.

ಇನ್ನು ಮನಸ್ಸಿನ ಲೆಕ್ಕ. 2006ರ ಒಂದು ದೊಡ್ಡ ಇಂಟರ್ನೆಟ್ ಸಮೀಕ್ಷೆಯಲ್ಲಿ 52 ಸಾವಿರ ಜನ ಗಂಡಸರು ಹೆಂಗಸರು ಉತ್ತರ ಕೊಟ್ಟಿದ್ದರು. ತನ್ನ ಗಂಡನ, ಗೆಳೆಯನ ಅಳತೆ ತನಗೆ ತೃಪ್ತಿ ಅಂದ ಹೆಂಗಸರು ನೂರಕ್ಕೆ 85. ತಮ್ಮದು ತಮಗೆ ತೃಪ್ತಿ ಅಂದ ಗಂಡಸರು 55. ಅಂದರೆ ಹೆಂಡತಿ ಸರಿಯಿದೆ ಅಂದರೂ ಗಂಡನಿಗೆ ಸಮಾಧಾನವಿಲ್ಲ. ನಡುವೆ ಇರುವ ಆ 30 ಇದೆಯಲ್ಲ, ನನ್ನ ಕೌಂಟರಿಗೆ ಬಂದು ಎಣ್ಣೆ ಕೇಳುವುದು ಅದೇ.

ಅಳತೆ ಲೆಕ್ಕಕ್ಕೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಕೆಲವು ಹೆಂಗಸರಿಗೆ ದೊಡ್ಡದು ಇಷ್ಟ ಇರಬಹುದು, ಕೆಲವರಿಗೆ ದೊಡ್ಡದಾದರೆ ನೋವು. ಆದರೆ ಹೆಂಗಸರು ಮನಸ್ಸು ಬಿಚ್ಚಿ ಹೇಳಿದರೆ ದೂರು ಸಾಮಾನ್ಯವಾಗಿ ಬೇರೆಯೇ. ಮಾತಾಡಲ್ಲ, ಅವಸರ ಮಾಡ್ತಾರೆ, ಬಾಯಲ್ಲಿ ಗುಟ್ಕಾ ವಾಸನೆ, ಮುಗಿದ ತಕ್ಷಣ ಆ ಕಡೆ ತಿರುಗಿ ಗೊರಕೆ. ಇದರಲ್ಲಿ ಯಾವುದಕ್ಕೂ ಸ್ಕೇಲು ಬೇಡ. ಹೆಂಡತಿಯ ಮನಸ್ಸಿನಲ್ಲಿ ಏನಿದೆ ಅಂತ ನನ್ನನ್ನು ಕೇಳುವ ಬದಲು ಅವರನ್ನೇ ಕೇಳಿ, ದೀಪ ಆರಿಸಿದ ಮೇಲೆ ಅಲ್ಲ, ಊಟ ಆಗಿ ಆರಾಮಾಗಿ ಕೂತಿರುವಾಗ. "ನಿನಗೆ ಏನು ಹಿಡಿಸುತ್ತೆ?" ಅಂದರೆ ಸಾಕು. ಮೊದಲ ಸಲ ಉತ್ತರ ಬರದೇ ಇರಬಹುದು.

ಚಿಕ್ಕದಿದ್ರೆ ಮಕ್ಕಳಾಗಲ್ವಾ?

ಆಗುತ್ತವೆ. ಸಂಭೋಗ ಸಾಧ್ಯವಾಗಿ ವೀರ್ಯ ಒಳಗೆ ಬಿದ್ದರೆ ಆಯಿತು, ಮುಂದಿನ ದಾರಿ ವೀರ್ಯಾಣು ತಾನೇ ಈಜಿಕೊಂಡು ಹೋಗುತ್ತದೆ. ಒಂದು ವರ್ಷ ಪ್ರಯತ್ನಪಟ್ಟೂ ಆಗಿಲ್ಲ ಅಂದರೆ ವೀರ್ಯ ಪರೀಕ್ಷೆ ಮಾಡಿಸಿ. ಸಸ್ತಾ, ಸಲೀಸು. ಹೆಂಡತಿಗೆ ಹತ್ತು ಪರೀಕ್ಷೆ ಮಾಡಿಸಿ, ಹತ್ತು ದೇವರಿಗೆ ಹರಕೆ ಕಟ್ಟಿ, ಗಂಡ ಒಂದು ಡಬ್ಬಿಯಲ್ಲಿ ವೀರ್ಯ ಕೊಡಲು ನಾಚಿಕೊಳ್ಳುವುದು ನೋಡಿದರೆ ಸಿಟ್ಟು ಬರುತ್ತದೆ.

ಎಣ್ಣೆ, ಪುಡಿ, ಕ್ಯಾಪ್ಸೂಲ್? ಒಂದಾದ್ರೂ ಕೆಲಸ ಮಾಡುತ್ತಾ?

ಒಂದೂ ಇಲ್ಲ. ಹಚ್ಚಿಕೊಂಡರೆ ಅಥವಾ ನುಂಗಿದರೆ ಬೆಳೆದ ಗಂಡಸಿನ ಶಿಶ್ನ ಉದ್ದ ಆಗುವ ಔಷಧಿ ಇಂದಿನವರೆಗೆ ಇಲ್ಲ. ಇದ್ದಿದ್ದರೆ ಅದನ್ನು ಬಸ್ ಸ್ಟ್ಯಾಂಡ್ ಟಾಯ್ಲೆಟ್ಟಿನ ಗೋಡೆ ಮೇಲೆ ಸ್ಟಿಕ್ಕರ್ ಅಂಟಿಸಿ ಮಾರಬೇಕಾಗಿರಲಿಲ್ಲ.

ಆ ಸ್ಟಿಕ್ಕರ್ ನೀವೂ ನೋಡಿರುತ್ತೀರಿ. ಹಳದಿ ಕಾಗದ, ಕೆಂಪಕ್ಷರ, ಫೋನ್ ನಂಬರ್. ಇನ್ನೊಂದು ಥರದವರು ಪೇಪರಿನ ಮೂಲೆಯಲ್ಲಿ ಜಾಹೀರಾತು ಕೊಡುತ್ತಾರೆ, ಇಂಥ ತಾರೀಖು ಇಂಥ ಲಾಡ್ಜಿನ ಇಂಥ ರೂಮಿನಲ್ಲಿ ಸಿಗುತ್ತೇವೆ, ಮರುದಿನ ಚಿತ್ರದುರ್ಗ, ಅದರ ಮರುದಿನ ಹೊಸಪೇಟೆ ಅಂತ. ಜಾತ್ರೆಯಲ್ಲಿ ಟೆಂಟ್ ಹಾಕಿಕೊಂಡು ಬೇರುಗಳ ಬಾಟಲಿ ಸಾಲಾಗಿ ಜೋಡಿಸಿಟ್ಟು, ನಡುವೆ ಹಲ್ಲಿ ಜಾತಿಯ ಉಡದ ಎಣ್ಣೆ ಅಂತ ಮಾರುವವರೂ ಇದ್ದಾರೆ. ಉಡ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಅದನ್ನು ಕೊಂದು ಎಣ್ಣೆ ತೆಗೆದರೆ ಜೈಲು. ಇಷ್ಟಾಗಿಯೂ ಅದು ಬರೀ ಕೊಬ್ಬು, ನಿಮ್ಮ ಚರ್ಮದ ಮೇಲೆ ಕೂತು ಜಿಡ್ಡು ಮಾಡುತ್ತದೆ, ಇನ್ನೇನೂ ಇಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 1945ರ ಔಷಧ ನಿಯಮಗಳ ಜೆ ಪಟ್ಟಿಯಲ್ಲಿ, ಯಾವ ಔಷಧಿಯೂ ವಾಸಿ ಮಾಡುತ್ತೇನೆ ಅಂತ ಹೇಳಿಕೊಳ್ಳಬಾರದ ವಿಷಯಗಳ ಸಾಲಿನಲ್ಲಿ ಲೈಂಗಿಕ ಅಂಗದ ಗಾತ್ರ ಮತ್ತು ಆಕಾರ ಸುಧಾರಣೆಯೂ ಇದೆ. ಅಂದರೆ ಡಬ್ಬಿಯ ಮೇಲೆ 'ಉದ್ದ ಮಾಡುತ್ತದೆ' ಅಂತ ಬರೆದಿದ್ದರೆ ಆ ಬರಹವೇ ಕಾನೂನಿಗೆ ವಿರುದ್ಧ. ಆದರೂ ಮಾರಾಟ ನಿಂತಿಲ್ಲ, ಯಾಕೆಂದರೆ ಮೋಸ ಹೋದವನು ದೂರು ಕೊಡುವುದಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಏನಂತ ಬರೆಸುವುದು?

"ಆದ್ರೂ ಅಣ್ಣ, ನಮ್ಮ ಹುಡುಗನಿಗೆ ಒಂದು ಕ್ಯಾಪ್ಸೂಲ್ ಜಬರ್ದಸ್ತಾಗಿ ಕೆಲಸ ಮಾಡಿದೆ" ಅನ್ನುತ್ತಾರೆ. ಮಾಡಿರಬಹುದು. ಗಿಡಮೂಲಿಕೆ ಅಂತ ಮಾರುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಚೀಟಿಯ ಮೇಲೆ ಹೆಸರೇ ಇಲ್ಲದ ಸಿಲ್ಡೆನಾಫಿಲ್ ಸಿಕ್ಕಿದೆ, ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದ್ದಾರೆ. ಅದು ನಿಮಿರುವಿಕೆಗೆ ಸಹಾಯ ಮಾಡುತ್ತದೆಯೇ ಹೊರತು ಉದ್ದ ಹೆಚ್ಚಿಸುವುದಿಲ್ಲ. ಎದೆನೋವಿಗೆ ನಾಲಗೆ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಮಾತ್ರೆ ತಗೊಳ್ಳುವವರು ಇದನ್ನು ನುಂಗಿದರೆ ಬಿ.ಪಿ. ಒಮ್ಮೆಲೇ ಕುಸಿದು ಜೀವಕ್ಕೇ ಸಂಚಕಾರ. ಸಿಲ್ಡೆನಾಫಿಲ್ ಕೆಟ್ಟ ಔಷಧಿಯಲ್ಲ, ಡಾಕ್ಟರ್ ಚೀಟಿ ಇದ್ದರೆ ನಾನೇ ಕೊಡುತ್ತೇನೆ. ಗೊತ್ತಿಲ್ಲದೆ ನುಂಗುವುದು ಕೆಟ್ಟದ್ದು.

ಪಂಪು? ಎಳೆಯೋ ಮಷೀನು? ಆಪರೇಷನ್?

ಪಂಪಿನಿಂದ ರಕ್ತ ತುಂಬಿ ಸ್ವಲ್ಪ ಹೊತ್ತು ದಪ್ಪ ಕಾಣುತ್ತದೆ, ಆಮೇಲೆ ಮೊದಲಿನಂತೆ. ನಿಮಿರುವಿಕೆಯ ತೊಂದರೆ ಇರುವವರಿಗೆ ವೈದ್ಯರು ಅದನ್ನು ಹೇಳುವುದುಂಟು, ಅಳತೆಗೆ ಅಲ್ಲ. ಎಳೆಯುವ ಸಾಧನವನ್ನು ದಿನಕ್ಕೆ ಹಲವು ಗಂಟೆ, ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಒಂದೆರಡು ಸೆಂ.ಮೀ. ಬಂದಿದೆ ಅನ್ನುವ ಸಣ್ಣ ಅಧ್ಯಯನಗಳಿವೆ. ಅಷ್ಟು ಹೊತ್ತು ಅದನ್ನು ಕಟ್ಟಿಕೊಂಡು ಮಂಡಿಪೇಟೆಯಲ್ಲಿ ವ್ಯಾಪಾರ ಮಾಡಲು ಆಗುತ್ತಾ, ನೀವೇ ಯೋಚಿಸಿ. ಕೈಯಿಂದ ಎಳೆದು ಹಿಂಡುವ 'ವ್ಯಾಯಾಮ'ದಿಂದ ಒಳಗೆ ಗಾಯವಾಗಿ ಗಂಟು ಕಟ್ಟಿ ಶಿಶ್ನ ಸೊಟ್ಟಗಾಗಬಹುದು.

ಆಪರೇಷನ್ನಿನಲ್ಲಿ ಶಿಶ್ನವನ್ನು ಮೂಳೆಗೆ ಹಿಡಿದಿಟ್ಟಿರುವ ಒಂದು ಪಟ್ಟಿಯನ್ನು ಕತ್ತರಿಸುತ್ತಾರೆ. ಸುಮ್ನೆ ಇದ್ದಾಗ ಸ್ವಲ್ಪ ಕೆಳಗೆ ಜೋತು ಉದ್ದ ಕಾಣುತ್ತದೆ. ನಿಮಿರಿದಾಗ ಹೆಚ್ಚೇನೂ ಬದಲಾಗುವುದಿಲ್ಲ, ಹಿಡಿತ ಹೋಗಿ ಅತ್ತಿತ್ತ ವಾಲುವ ತೊಂದರೆ ಬೇರೆ. ದಪ್ಪ ಮಾಡಲು ಎಣ್ಣೆ, ಪ್ಯಾರಾಫಿನ್, ಸಿಲಿಕೋನ್ ಚುಚ್ಚಿಸಿಕೊಂಡವರ ಗತಿ ಹೇಳುವುದೇ ಬೇಡ. ಗಂಟುಗಂಟಾಗಿ, ಕೊಳೆತು, ಕೊನೆಗೆ ಚರ್ಮವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಮದುವೆಗೆ ಮುಂಚೆ ಸರಿ ಇತ್ತು. ಈಗ 40, ಚಿಕ್ಕದಾಗಿದೆ.

ಹೊಟ್ಟೆ ನೋಡಿಕೊಳ್ಳಿ. ಬುಡದಲ್ಲಿ ಕೊಬ್ಬು ಸೇರಿದಂತೆಲ್ಲ ಶಿಶ್ನದ ಒಂದಷ್ಟು ಭಾಗ ಅದರೊಳಗೆ ಮುಚ್ಚಿಹೋಗುತ್ತದೆ. ದಿನಾ ಬೆಳಗ್ಗೆ ಎರಡೆರಡು ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ, ಓಡಾಟವೆಲ್ಲ ಬೈಕಿನಲ್ಲಿ. ಇನ್ನೇನಾಗಬೇಕು! ಎಲ್ಲೂ ಹೋಗಿಲ್ಲ, ತೂಕ ಇಳಿಸಿದರೆ ಕಾಣುತ್ತದೆ. ಇಡೀ ಈ ಪುಟದಲ್ಲಿ ಖರ್ಚಿಲ್ಲದೆ ಉದ್ದ ಕಾಣುವಂತೆ ಮಾಡುವ ಉಪಾಯ ಇದೊಂದೇ.

ಎಡಕ್ಕೆ ಬಾಗಿದೆ. ಒಂದು ಬೀಜ ಕೆಳಗಿದೆ.

ಹುಟ್ಟಿನಿಂದ ಇರುವ ಸ್ವಲ್ಪ ಬಾಗು ಮಾಮೂಲು. ಒಂದು ಬೀಜ ಇನ್ನೊಂದಕ್ಕಿಂತ ಕೆಳಗಿರುವುದು ಬಹುತೇಕ ಎಲ್ಲರಿಗೂ. ಇತ್ತೀಚೆಗೆ ಹೊಸದಾಗಿ ಬಾಗಿದ್ದರೆ, ಮುಟ್ಟಿದರೆ ಗಂಟು ಸಿಕ್ಕಿದರೆ, ನೋವಿದ್ದರೆ, ಮುಂದೊಗಲು ಹಿಂದಕ್ಕೆ ಸರಿಯದೇ ಇದ್ದರೆ ಯುರಾಲಜಿಸ್ಟ್ (ಮೂತ್ರ ಮತ್ತು ಜನನಾಂಗದ ಡಾಕ್ಟರ್) ಹತ್ತಿರ ಹೋಗಿ.

ಪಾದ ದೊಡ್ಡದಿದ್ರೆ ಅದೂ ದೊಡ್ಡದಂತೆ?

ಲಂಡನ್ನಿನಲ್ಲಿ 104 ಗಂಡಸರ ಚಪ್ಪಲಿ ಸೈಜನ್ನೂ ಇದನ್ನೂ ಇಟ್ಟು ನೋಡಿ 2002ರಲ್ಲಿ ಬರೆದರು. ಸಂಬಂಧವಿಲ್ಲ.

ಹಾಗಾದ್ರೆ ನಿಜವಾಗ್ಲೂ ಚಿಕ್ಕದು ಅಂದ್ರೆ ಎಷ್ಟು?

ನಿಮಿರಿದಾಗ ಅಥವಾ ಪೂರ್ತಿ ಎಳೆದು ಹಿಡಿದಾಗ ಸುಮಾರು 7.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ವೈದ್ಯರು ಅದನ್ನು ಬೇರೆಯಾಗಿ ನೋಡುತ್ತಾರೆ. ಅಂಥವರು ತೀರಾ ಕಡಿಮೆ. ಸಾಮಾನ್ಯವಾಗಿ ಹುಟ್ಟಿನಿಂದ ಬಂದ ಹಾರ್ಮೋನ್ ಕಾರಣ. ನೀವು ಆ ಗುಂಪಿನಲ್ಲಿದ್ದರೂ ದಾಂಪತ್ಯ ಮುಗಿಯಿತು ಅಂತ ಅರ್ಥವಲ್ಲ, ಆದರೆ ಹಾರ್ಮೋನ್ ಡಾಕ್ಟರನ್ನು ಅಥವಾ ಯುರಾಲಜಿಸ್ಟನ್ನು ಖಂಡಿತ ನೋಡಿ. ಎಣ್ಣೆ ಮಾರುವವನನ್ನಲ್ಲ.

ಕಾಂಡೋಮ್ ಜಾರುತ್ತೆ. ಚಿಕ್ಕದು ಅಂತಲೇ ಅಲ್ವಾ?

ಇಲ್ಲ, ಸೈಜು ಹೊಂದಿಲ್ಲ ಅಂತ. ಕಾಂಡೋಮಿನಲ್ಲಿ ನೋಡಬೇಕಾದ್ದು ಉದ್ದ ಅಲ್ಲ, ಅಗಲ. ಡಬ್ಬಿಯ ಮೇಲೆ ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಮಾಮೂಲಿಯಾಗಿ ಸಿಗುವುದು 52–53. ಜಾರಿದರೆ 49ರದ್ದು ಕೇಳಿ, ತೀರಾ ಬಿಗಿಯಾದರೆ 56ರ ಆಸುಪಾಸಿನದ್ದು. ಉದ್ದ ಎಲ್ಲರಿಗೂ ಮಿಕ್ಕುವಷ್ಟು ಇರುತ್ತದೆ, ಪೂರ್ತಿ ಬಿಚ್ಚದೆ ಬುಡದಲ್ಲಿ ಸುರುಳಿ ಉಳಿದರೆ ಚಿಂತೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ.

ಮುಂದಿನ ತಿಂಗಳು ಮದುವೆ. ಮೊದಲ ರಾತ್ರಿ ನೆನೆಸಿಕೊಂಡ್ರೆ ಕೈಕಾಲು ನಡುಗುತ್ತೆ.

ಬಹಳ ಜನಕ್ಕೆ ಮೊದಲ ರಾತ್ರಿ ಏನೂ ಆಗುವುದಿಲ್ಲ. ಮದುವೆಮನೆಯ ಗಲಾಟೆ, ಎರಡು ದಿನದ ನಿದ್ದೆಗೇಡು, ಬಾಗಿಲಾಚೆ ನೆಂಟರು, ಒಳಗೆ ಇನ್ನೂ ಸರಿಯಾಗಿ ಪರಿಚಯವಾಗದ ಇಬ್ಬರು. ಹೆದರಿಕೆ ಬಂದಾಗ ದೇಹ ರಕ್ತವನ್ನು ಅಲ್ಲಿಂದ ವಾಪಸ್ ಎಳೆದುಕೊಳ್ಳುತ್ತದೆ, ನಿಮಿರುವುದಿಲ್ಲ, ನಿಮಿರಿದರೂ ನಿಲ್ಲುವುದಿಲ್ಲ. ಅದನ್ನು ನೋಡಿ ಇನ್ನಷ್ಟು ಹೆದರಿಕೆ. ಮರುದಿನವೇ ಮಾತ್ರೆಗೆ ಓಡಬೇಡಿ. "ಸುಸ್ತಾಗಿದೆ, ಮಲಗೋಣ, ನಾಳೆ ಮಾತಾಡೋಣ" ಅಂದರೆ ಅವರಿಗೂ ಹಾಯ್ ಅನಿಸುತ್ತದೆ. ಅವರೂ ಅಷ್ಟೇ ಹೆದರಿರುತ್ತಾರೆ. ಅವರಿಗೆ ಮನಸ್ಸಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ, ಗಂಡ ಅನ್ನುವುದು ಬಲವಂತಕ್ಕೆ ಲೈಸೆನ್ಸ್ ಅಲ್ಲ.

ಅಳತೆ ಸರಿ ಇದೆ ಅಂತ ಗೊತ್ತು. ಆದ್ರೂ ದಿನವಿಡೀ ಅದೇ ಯೋಚನೆ.

ಮೇಲೆ ಸ್ಕೇಲಿನ ಹತ್ತಿರ ಬಿಟ್ಟ ಮಾತು ಇದೇ. ಅಳತೆ ಸರಿ ಇದ್ದೂ ಚಿಂತೆ ಬಿಡದಿದ್ದರೆ, ಮದುವೆ ಬೇಡ ಅನ್ನುವ ಮಟ್ಟಕ್ಕೆ ಹೋದರೆ, ಸಾಯಬೇಕು ಅನಿಸಿದರೆ ಚಿಕಿತ್ಸೆ ಬೇಕಿರುವುದು ಆ ಚಿಂತೆಗೆ. ಮನೋವೈದ್ಯರು ದಿನಾ ನೋಡುವ ತೊಂದರೆ ಇದು, ವಾಸಿಯಾಗುತ್ತದೆ. ಮುಖ ತೋರಿಸಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಳತೆ ಬಿಡಿ, ಈಗೀಗ ಸರಿಯಾಗಿ ನಿಮಿರೋದೇ ಇಲ್ಲ.

ಇದನ್ನು ಮೊದಲೇ ಕೇಳಬೇಕಿತ್ತು ನೀವು. "ಸಣ್ಣಗಾಗಿದೆ, ಎಣ್ಣೆ ಕೊಡಿ" ಅಂತ ಬರುವ ನಲವತ್ತು ದಾಟಿದವರನ್ನು ಸ್ವಲ್ಪ ಮಾತಾಡಿಸಿದರೆ ಒಳಗಿರುವ ಸಮಸ್ಯೆ ಸಾಮಾನ್ಯವಾಗಿ ಇದೇ. ಪೂರ್ತಿ ರಕ್ತ ತುಂಬದಿದ್ದರೆ ಅಳತೆಯೂ ಕಮ್ಮಿಯೇ ಕಾಣುತ್ತದೆ.

ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ, ಹಾರ್ಟಿನದ್ದು ಮೂರ್ನಾಲ್ಕು. ಶುಗರ್, ಬಿ.ಪಿ., ಕೊಲೆಸ್ಟ್ರಾಲ್, ಬೀಡಿ ಸಿಗರೇಟಿನಿಂದ ನಾಳ ಕಟ್ಟಿಕೊಳ್ಳಲು ಶುರುವಾದರೆ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ. ಹಾಗಾಗಿ ನಿಮಿರುವ ತೊಂದರೆ ಎಷ್ಟೋ ಜನಕ್ಕೆ ಎದೆನೋವು ಬರುವ ಕೆಲವು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಶುಗರ್ ಟೆಸ್ಟ್ ಮಾಡಿಸುವ ಬದಲು ಲಾಡ್ಜಿನ ವೈದ್ಯರ ಹತ್ತಿರ ದುಡ್ಡು ಸುರಿದು ಆರು ತಿಂಗಳು ಪುಡಿ ತಿಂದರೆ, ದುಡ್ಡು ಹೋಗಿದ್ದು ಸಣ್ಣ ನಷ್ಟ.

ಯಾವ ಡಾಕ್ಟರ್? ಹೋಗಿ ಏನಂತ ಹೇಳೋದು?

ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ, ಎಸ್.ಎಸ್. ಆಸ್ಪತ್ರೆ ಇದೆ. ಚಿತ್ರದುರ್ಗದವರಿಗೆ ಜಿಲ್ಲಾಸ್ಪತ್ರೆ ಮತ್ತು ಬಸವೇಶ್ವರ ಮೆಡಿಕಲ್ ಕಾಲೇಜು ಆಸ್ಪತ್ರೆ. ನಿಮಿರುವಿಕೆ, ಬಾಗು, ಮುಂದೊಗಲಿಗೆ ಯುರಾಲಜಿ. ಹುಣ್ಣು, ಕೀವು, ತುರಿಕೆಗೆ ಚರ್ಮ ಮತ್ತು ಗುಹ್ಯರೋಗ ವಿಭಾಗ. ಚಿಂತೆಗೆ ಮನೋವೈದ್ಯರು. ಯಾವುದೂ ಗೊತ್ತಾಗದಿದ್ದರೆ ಮೊದಲು ಜನರಲ್ ಡಾಕ್ಟರ್ ಸಾಕು. ಗುರುತಿನವರು ಸಿಗುತ್ತಾರೆ ಅಂತ ಹೆದರಿಕೆಯಾದರೆ ದಾವಣಗೆರೆಯವರು ದುರ್ಗಕ್ಕೆ ಹೋಗಿ, ದುರ್ಗದವರು ಇಲ್ಲಿಗೆ ಬನ್ನಿ. ಹೇಗೂ ಒಂದೂವರೆ ಗಂಟೆ ದಾರಿ.

ಒಳಗೆ ಹೋಗಿ "ಗ್ಯಾಸ್ಟ್ರಿಕ್ ಸರ್" ಅಂತ ಶುರು ಮಾಡಬೇಡಿ. ಎದ್ದು ಬರುವಾಗ ಬಾಗಿಲ ಹತ್ತಿರ ನಿಂತು "ಸರ್, ಇನ್ನೊಂದು ವಿಷಯ" ಅನ್ನುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಿರುತ್ತಾರೆ. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ: ಎಷ್ಟು ತಿಂಗಳಿಂದ, ಬೆಳಗಿನ ಜಾವ ಏಳುವಾಗ ನಿಮಿರಿರುತ್ತದೆಯೋ ಇಲ್ಲವೋ, ಶುಗರ್ ಬಿ.ಪಿ. ಇದೆಯೋ, ಯಾವ ಮಾತ್ರೆ ನುಂಗುತ್ತಿದ್ದೀರಿ. ಆ ಎಣ್ಣೆ, ಕ್ಯಾಪ್ಸೂಲ್ ತಗೊಂಡಿದ್ದರೆ ಅದರ ಡಬ್ಬಿಯನ್ನೂ ಜೊತೆಗೇ ಒಯ್ಯಿರಿ, ಬೈಯುತ್ತಾರೆ ಅಂತ ಮುಚ್ಚಿಡಬೇಡಿ.